ಹಾಲ್ ತುಂಬಿತ್ತು

ಲೈಬ್ರರಿಯಲ್ಲಿ ಅವನಿಗೆ ಕುರ್ಚಿಯಣ್ಣ ಎಂದೇ ಹೆಸರು. ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ತಿಂಗಳ ಕಾರ್ಯಕ್ರಮಗಳ ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು, ಇವೆಲ್ಲ ಅವನ ಕೆಲಸವೇ. ಆದರೆ ಜನರ ಕಣ್ಣಿಗೆ ಬೀಳುತ್ತಿದ್ದುದು ಹಿಂದಿನ ಹಾಲಿನಲ್ಲಿ ಅವನು ಪ್ರತಿ ಶನಿವಾರದ ಕಾರ್ಯಕ್ರಮಕ್ಕೆ ನಲವತ್ತು ಕುರ್ಚಿ ಹಾಕುವುದು, ಸಂಜೆಗೆ ನಲವತ್ತನ್ನೂ ತೆಗೆದು ಗೋಡೆಗೆ ಒರಗಿಸುವುದು. ಕೂರಲು ಬರುತ್ತಿದ್ದವರು ಮೂವರೋ ನಾಲ್ವರೋ. "ಹತ್ತು ಹಾಕಿದ್ರೆ ಸಾಲ್ದಾ ಮೇಡಂ?" ಎಂದು ಒಮ್ಮೆ ಕೇಳಿದ್ದಕ್ಕೆ, "ಜನ ಬರ್ತಾರೆ, ನೀವು ಹಾಕಿಡಿ" ಎಂದಿದ್ದರು ಲೈಬ್ರೇರಿಯನ್ ಮೇಡಂ. ಅವರದು ಒಂದೇ ಪಟ್ಟು.

ಅವನಿಗೆ ಐವತ್ನಾಲ್ಕು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿದ್ದ ಮೇಲೆ ಮೂರನೆಯ ಸಲಕ್ಕೆ ಯಾರೂ ಕೈಹಾಕಲಿಲ್ಲ. ಬಾಡಿಗೆಯ ಒಂದು ಕೋಣೆಯಲ್ಲಿ ವಾಸ. ಭಾನುವಾರ ಅಕ್ಕ ಫೋನು ಮಾಡಿ "ಊಟ ಆಯ್ತೇನೋ?" ಎನ್ನುತ್ತಿದ್ದಳು. ಇವನು "ಆಯ್ತಕ್ಕ" ಎನ್ನುತ್ತಿದ್ದ. ಅಲ್ಲಿಗೆ ಆ ವಾರದ ಮನೆಮಾತು ಮುಗಿದಂತೆ.

ಲೈಬ್ರರಿಗೆ ಬರಲಾಗದವರ ಮನೆಗೇ ಪುಸ್ತಕ ಕಳಿಸುವ ಸೇವೆ ಶುರುವಾದಾಗ ಬುಧವಾರದ ಚೀಲ ಅವನ ಹೆಗಲಿಗೆ ಬಂತು. ಮನೆಗಳು ಐದೇ. ನಾಲ್ಕು ಮನೆಗಳಲ್ಲಿ ಬಾಗಿಲು ಅರ್ಧ ತೆರೆದು ಪುಸ್ತಕ ತೆಗೆದುಕೊಂಡು ಮುಚ್ಚುತ್ತಿದ್ದರು. ಐದನೆಯದು ಹದಿನೆಂಟು ಮೆಟ್ಟಿಲಿನ ಮೇಲೆ ಇದ್ದ ಹೊಲಿಗೆಯಮ್ಮನ ಮನೆ. ಮೂವತ್ತೈದು ವರ್ಷ ಟೈಲರಿಂಗ್ ಅಂಗಡಿ ನಡೆಸಿದವರು, ಸೊಂಟದ ಮೂಳೆ ಮುರಿದ ಮೇಲೆ ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಮೇಲೆ ಪಾಳಿ.

ಮೊದಲ ಬುಧವಾರವೇ ಆಕೆ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಜೊತೆಗಿದ್ದ ಕಾರ್ಯಕ್ರಮದ ಹಾಳೆ ಕೈಗೆತ್ತಿಕೊಂಡರು.

"ಶನಿವಾರ ನಕ್ಷತ್ರದ ಬಗ್ಗೆ ಭಾಷಣ ಅಂತ ಹಾಕಿದೀರಲ್ಲ. ಹೇಗಾಯ್ತು? ಜನ ಬಂದಿದ್ರಾ?"

ಬಂದಿದ್ದವರು ನಾಲ್ವರು. ಅದರಲ್ಲೊಬ್ಬ ಗೊರಕೆ ಹೊಡೆದಿದ್ದ. ಅದನ್ನೇ ಹೇಳಬೇಕೆಂದಿದ್ದ. ಆದರೆ ಆಕೆ ಕನ್ನಡಕ ಹಣೆಗೇರಿಸಿ, ಮೈಯೆಲ್ಲ ಕಿವಿಯಾಗಿ ಅವನ ಮುಖವನ್ನೇ ನೋಡುತ್ತಿದ್ದರು. ಯಾರೂ ಅವನ ಮಾತಿಗಾಗಿ ಹಾಗೆ ಕಾದದ್ದು ಅವನಿಗೆ ನೆನಪಿರಲಿಲ್ಲ.

"ಹಾಲ್ ತುಂಬಿತ್ತಮ್ಮ," ಎಂದುಬಿಟ್ಟ.

"ಅಯ್ಯೋ, ಹೌದಾ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಯಾರ್ಯಾರು ಬಂದಿದ್ರು? ಏನು ಹಾಕ್ಕೊಂಡಿದ್ರು?"

ಕೂತ. ನಲವತ್ತು ಕುರ್ಚಿಯೂ ಭರ್ತಿ ಎಂದ. ಬಾಯಿಗೆ ಬಂದದ್ದು ಹೇಳಿದ. ಮುಂದಿನ ಸಾಲಿನಲ್ಲಿ ಒಬ್ಬ ಡಾಕ್ಟರ ಹೆಂಡತಿ, ಹಸಿರು ಬಟ್ಟೆ. "ತೋಳು ಹೇಗಿತ್ತು?" ಎಂದರು ಹೊಲಿಗೆಯಮ್ಮ. "ಅಗಲವಾಗಿ, ಗಂಟೆ ಥರ." ಆಕೆ ತಲೆಯಾಡಿಸಿದರು. "ಅದನ್ನ ಕತ್ತರಿಸೋಕೆ ಕೈ ಪಳಗಿರಬೇಕು. ಒಳ್ಳೆ ಟೈಲರ್ ಸಿಕ್ಕಿದಾನೆ ಅವಳಿಗೆ."

ಅಂದಿನಿಂದ ಬುಧವಾರಕ್ಕಾಗಿ ಅವನು ಸರಕು ಹೊಂದಿಸತೊಡಗಿದ. ಬಸ್ಸಿನಲ್ಲಿ, ರಸ್ತೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಜನರ ಕಾಲರು, ಗುಂಡಿ, ಜೇಬುಗಳನ್ನು ಕಣ್ಣಲ್ಲೇ ಕಿತ್ತು ತಂದು ಖಾಲಿ ಕುರ್ಚಿಗಳ ಮೇಲೆ ಕೂರಿಸುತ್ತಿದ್ದ. ಒಂದೇ ಥರ ಬಟ್ಟೆ ತೊಟ್ಟ ಅವಳಿ ಅಕ್ಕತಂಗಿಯರು ಬಂದರು. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡ ನಿವೃತ್ತ ಜಡ್ಜು ಬಂದರು. ಹೊಲಿಗೆಯಮ್ಮ ಒಬ್ಬೊಬ್ಬರನ್ನೂ ನೆನಪಿಟ್ಟು ವಿಚಾರಿಸುತ್ತಿದ್ದರು: "ಜಡ್ಜ್ ಸಾಹೇಬ್ರಿಗೆ ಶೀತ ವಾಸಿಯಾಯ್ತಾ?" ಆಮೇಲೆ ಅವನು ಕೋಣೆಗೆ ಹೋಗಿ ಒಬ್ಬನೇ ಅನ್ನ ಕಲಸುವಾಗ, ಆ ಜಡ್ಜಿಗೆ ನಿಜಕ್ಕೂ ಶೀತವಾಗಿತ್ತೇನೋ ಅನ್ನಿಸುತ್ತಿತ್ತು.

ಹೀಗಿರುವಾಗ ಮೇಡಂ ತಿಂಗಳ ಹಾಳೆಗೆ ಹೊಸದೊಂದು ಸೇರಿಸಿದರು: ಹರಿದ ಬಟ್ಟೆ ಸರಿಮಾಡುವ ತರಬೇತಿ. ಹೊಲಿಗೆಯಮ್ಮ ಅದನ್ನು ಎರಡು ಸಲ ಓದಿದರು.

"ಕಲಿಸೋರು ಯಾರು?"

"ಇನ್ನೂ ಗೊತ್ತಾಗಿಲ್ಲಮ್ಮ."

"ನಾನು ಬರ್ತೀನಿ ಅಂತ ಹೇಳಿ. ಆ ನಲವತ್ತು ಜನರ ಮುಂದೆ ಒಂದ್ಸಲ ಕೂತ್ರೆ ಸಾಕು ನಂಗೆ."

ಅವನು ಬೇಡವೆನ್ನಲು ನೂರು ಕಾರಣ ಹುಡುಕಿದ. ಮೆಟ್ಟಿಲಿದೆ, ಚಳಿಯಿದೆ, ಆಯಾಸವಾಗುತ್ತದೆ. ಆಕೆ ಯಾವುದಕ್ಕೂ ಜಗ್ಗಲಿಲ್ಲ. ಮೇಡಂಗೆ ಹೇಳಿದರೆ ಅವರು ಕುಣಿದಾಡುವುದೊಂದು ಬಾಕಿ. ನಾಳೆ ನಿಜ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತಲೇ ಶನಿವಾರ ಬಂದುಬಿಟ್ಟಿತು. ಆ ವಾರವೆಲ್ಲ ಅವನು ಕಂಡಕಂಡವರಿಗೆ ತರಬೇತಿಯ ಚೀಟಿ ಹಂಚಿದ್ದ. ಬಸ್ಸಿನ ಕಂಡಕ್ಟರಿಗೂ ಕೊಟ್ಟು, "ಬನ್ನಿ ಸಾರ್, ದಯವಿಟ್ಟು" ಎಂದಿದ್ದ.

ಮಗಳಿಗೆ ಅವತ್ತು ಹಗಲು ಪಾಳಿ. ಅವನೇ ಟ್ಯಾಕ್ಸಿ ತಂದು, ಹೊಲಿಗೆಯಮ್ಮನ ತೋಳು ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ಇಳಿಸಿದ. ಆಕೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು. ಟ್ಯಾಕ್ಸಿಯಲ್ಲಿ ಕೂತಾಗ ಮಡಿಲಲ್ಲಿ ದಾರದ ಡಬ್ಬಿ, ತೇಪೆಗೆಂದು ಕತ್ತರಿಸಿ ಜೋಡಿಸಿದ ನಲವತ್ತು ಚೌಕ ತುಂಡುಗಳು.

ಹಾಲಿನಲ್ಲಿ ಇಬ್ಬರಿದ್ದರು. ಒಬ್ಬ ಮೊಬೈಲ್ ಚಾರ್ಜಿಗೆ ಹಾಕಲು ಬಂದವನು. ಇನ್ನೊಬ್ಬಳು ಕಾಲೇಜು ಹುಡುಗಿ, ಜಾಕೀಟಿನ ಜಿಪ್ಪು ಕೆಟ್ಟಿದೆ ಎಂದು ಬಂದಿದ್ದಳು. ಕಾಲು ಗಂಟೆ ಕಾದರು. ಅರ್ಧ ಗಂಟೆ ಕಾದರು. ಮೇಡಂ ಬಾಗಿಲ ಕಡೆ ನೋಡಿ, "ಅಂದಾಜು ಇಷ್ಟೇ ಬರೋದು ಯಾವಾಗ್ಲೂ, ಬೇಜಾರು ಮಾಡ್ಕೋಬೇಡಿ ಅಮ್ಮ" ಎಂದು ಸಮಾಧಾನ ಹೇಳಿ ಒಳಗೆ ಹೋದರು.

ಹೊಲಿಗೆಯಮ್ಮ ಅವನ ಕಡೆ ತಿರುಗಿದರು.

"ಜಡ್ಜು?"

ಅವನು ಪಕ್ಕದ ಖಾಲಿ ಕುರ್ಚಿಯೊಂದನ್ನು ಸಾಲಿಗೆ ಸರಿಸಿಟ್ಟ.

"ಆ ಅವಳಿ ಹುಡುಗೀರು?"

"ಇಲ್ಲಮ್ಮ. ಯಾರೂ ಇಲ್ಲ. ಯಾವತ್ತೂ ಇರ್ಲಿಲ್ಲ."

ಆಕೆ ಹುಡುಗಿಯನ್ನು ಹತ್ತಿರ ಕರೆದು, ಜಿಪ್ಪನ್ನು ಬಿಚ್ಚಿ, ಹಲ್ಲು ಕೂರಿಸಿ, ನಿಧಾನವಾಗಿ ಹೊಲಿದುಕೊಟ್ಟರು. ಹಿಂತಿರುಗುವಾಗ ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆಗೇ ಮುಖ. ಮೆಟ್ಟಿಲು ಹತ್ತುವಾಗ ಅವನ ತೋಳು ಬೇಡವೆಂದು ಡ್ರೈವರನ್ನು ಕರೆದರು.

ಬುಧವಾರ ಅವನು ಬಾಗಿಲು ತಟ್ಟುವ ಮೊದಲು ಬಹಳ ಹೊತ್ತು ನಿಂತಿದ್ದ. ತೆರೆದದ್ದು ಮಗಳು. ಬೈಸಿಕೊಳ್ಳಲು ಸಿದ್ಧನಾಗಿ ಬಂದವನಿಗೆ ಆಕೆ ಕೈ ಮುಗಿದಳು.

"ತುಂಬಾ ಥ್ಯಾಂಕ್ಸ್ ಅಣ್ಣ. ಹಾಲ್ ತುಂಬಿತ್ತಂತೆ! ಕೂರೋಕೆ ಜಾಗ ಇಲ್ದೆ ಜನ ನಿಂತಿದ್ರಂತೆ. ಅಮ್ಮ ನಾಲ್ಕು ದಿನದಿಂದ ಅದನ್ನೇ ಹೇಳ್ತಿದಾರೆ. ನಂಗೇ ರಜ ಸಿಗ್ಲಿಲ್ಲ ನೋಡಿ, ಹೊಟ್ಟೆ ಉರೀತು."

ಅವನು ಚೀಲದಿಂದ ಪುಸ್ತಕ ತೆಗೆದು ಅವಳ ಕಡೆ ಚಾಚಿದ. ಒಳಗಿಂದ ಹೊಲಿಗೆಯಮ್ಮನ ದನಿ ಬಂತು: "ಪುಸ್ತಕ ಇಸ್ಕೊಂಡು ಬಾಗಿಲು ಹಾಕೇ. ಗಾಳಿ ಬರ್ತಿದೆ."

ಹೀಗೆ ಐದು ಬುಧವಾರ ಕಳೆದವು. ಅವನು ಈಗಲೂ ಬಸ್ಸಿನಲ್ಲಿ ಜನರ ಕಾಲರು ನೋಡುತ್ತಿದ್ದ. ನೋಡಿದ್ದನ್ನು ಹೇಳಲು ಯಾರೂ ಇಲ್ಲವೆಂಬುದು ಇಳಿಯುವ ಹೊತ್ತಿಗೆ ನೆನಪಾಗುತ್ತಿತ್ತು. ಒಂದು ಭಾನುವಾರ ಅಕ್ಕನಿಗೆ, "ಅಕ್ಕಾ, ಇವತ್ತೊಂದು ಕೋಟು ನೋಡಿದೆ" ಎಂದು ಶುರುಮಾಡಿದ. "ಕೊಂಡ್ಕೋಬೇಕಾ?" ಎಂದಳು ಅವಳು. "ಇಲ್ಲ, ಸುಮ್ನೆ ಹೇಳ್ದೆ" ಎಂದು ಫೋನಿಟ್ಟ.

ಆರನೆಯ ಬುಧವಾರ ಬಾಗಿಲು ತೆರೆಯಲು ತುಂಬ ಹೊತ್ತಾಯಿತು. ಮಗಳು ಪಾಳಿಗೆ ಹೋಗಿದ್ದಳು. ಹೊಲಿಗೆಯಮ್ಮನೇ ವಾಕರ್ ತಳ್ಳಿಕೊಂಡು, ಏದುಸಿರು ಬಿಡುತ್ತ ಬಂದು ಚಿಲಕ ತೆಗೆದರು. ಪುಸ್ತಕ ಇಸಿದುಕೊಂಡರು. ಬಾಗಿಲು ಮುಚ್ಚಲಿಲ್ಲ.

"ಮೊನ್ನೆ ಶನಿವಾರ ಎಷ್ಟು ಜನ?"

"ಮೂರಮ್ಮ."

"ನಿಜವಾಗ್ಲೂ?"

"ನಿಜವಾಗ್ಲೂ. ಒಬ್ರು ಅರ್ಧಕ್ಕೇ ಎದ್ದುಹೋದ್ರು."

ಆಕೆ ಪುಸ್ತಕಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಅವತ್ತು ಜನ ಇರ್ಲಿಲ್ಲ ಅಂತ ಮಗಳಿಗೆ ಹೇಳ್ಬೇಡಿ. ಅವಳ ಮುಂದೆ ಹಾಲ್ ತುಂಬಿತ್ತು ಅಂತ ಯಾಕೆ ಹೇಳಿದ್ನೋ, ಬಾಯಿಗೆ ಬಂದ್ಬಿಡ್ತು."

"ಗೊತ್ತಮ್ಮ," ಎಂದ ಅವನು.

"ಇವತ್ತು ಒಳಗೆ ಬನ್ನಿ ಅನ್ನೋಕೆ ಮನಸ್ಸಿಲ್ಲ ನಂಗೆ."

"ಪರವಾಗಿಲ್ಲಮ್ಮ."

"ಮುಂದಿನ ವಾರ ನೋಡೋಣ."

ಅವನು ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದ. ಎಂಟನೆಯ ಮೆಟ್ಟಿಲಲ್ಲಿ ನಿಂತು ಕಿವಿಗೊಟ್ಟ. ಮೇಲೆ ವಾಕರಿನ ಸದ್ದು ನಿಧಾನಕ್ಕೆ ಕಿಟಕಿಯ ಕಡೆಗೆ ಹೋಗುತ್ತಿತ್ತು. ಅದು ನಿಲ್ಲುವವರೆಗೂ ಅಲ್ಲೇ ಇದ್ದು, ಆಮೇಲೆ ಬಸ್ಸಿಗೆ ಹೋದ.