ಕಲಾಯಿ ಹಾಕಿಸಿದ ಕೊಪ್ಪರಿಗೆ

ನಮ್ಮ ಮಧುಗಿರಿಯ ಕ್ರೈಸ್ತ ಸಭೆಯವರಿಗೆ ಹಾಡಿಗಿಂತ ಊಟ ಮುಖ್ಯ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇಲ್ಲದಿದ್ದರೆ ಮಿಷನ್ ದೊರೆಗಳು ಹಡಗಿನಲ್ಲಿ ತರಿಸಿ, ಎತ್ತಿನ ಗಾಡಿಯಲ್ಲಿ ಹೇರಿಸಿ ತಂದ ಆರ್ಗನ್ನಿನ ಗಾಳಿಯೂದುವ ತಿದಿಯನ್ನು ಇಲಿ ತಿನ್ನಲು ಬಿಡುತ್ತಿದ್ದೆವೇ?

ಅದು ಬೇಕಾಗಿದ್ದುದು ಪಾಲಪ್ಪನೊಬ್ಬನಿಗೆ. ಮೊದಲಿನಿಂದಲೂ ನುಡಿಸುತ್ತಿದ್ದವನು ಅವನೇ. ಪ್ಲೇಗಿನಲ್ಲಿ ತೀರಿಕೊಂಡ ಅವನ ಒಬ್ಬಳೇ ಮಗಳು ಸುಗುಣ ಅಪ್ಪನ ಪಕ್ಕ ಕೂತು, ತೀರಾ ಸಣ್ಣ ದನಿಯ ಸ್ವರಗಳನ್ನಷ್ಟೇ ಒತ್ತಿ, "ಗುಬ್ಬಿ ಬಂತು" ಎಂದು ನಗುತ್ತಿದ್ದಳಂತೆ. ತಾನು ಸಾಯುವ ಮುಂಚೆ ಆ ಗುಬ್ಬಿಯ ದನಿ ಇನ್ನೊಮ್ಮೆ ಕೇಳಬೇಕು ಎಂಬುದೊಂದೇ ಅವನ ಆಸೆ.

ಪುರವರದಿಂದ ಮೇಕೆ ಚರ್ಮ ತರಿಸಿ ತಿದಿಗೆ ಅಂಟಿಸಿದ. ಸ್ವರ ಹೊರಡಿಸುವ ತವರದ ಕೊಳವೆಗಳು ನೆಗ್ಗಿದ್ದವು, ಅವನ್ನು ಮರದ ಕೋಲಿಗೆ ಸಿಕ್ಕಿಸಿ ತಟ್ಟಿ ತಟ್ಟಿ ನೆಟ್ಟಗೆ ಮಾಡಿದ. ಗುಬ್ಬಿಯ ದನಿಯ, ಬೆರಳುದ್ದದ ಸಣ್ಣ ಕೊಳವೆಗಳನ್ನು ಕೊನೆಗೆ ಕೂರಿಸೋಣವೆಂದು ಬಟ್ಟೆಯಲ್ಲಿ ಸುತ್ತಿ, ಕುಕ್ಕೆಗೆ ಹಾಕಿ ಮನೆಯ ಅಟ್ಟದ ಮೇಲಿಟ್ಟ. ಹೆಂಡತಿ ಹೊನ್ನಕ್ಕನಿಗೆ ಹೇಳಲಿಲ್ಲ. ಮಗಳ ಮಾತೆತ್ತಿದರೆ ಅವಳು ಊಟ ಬಿಡುತ್ತಿದ್ದಳು.

ಕ್ರಿಸ್ಮಸ್ಸಿಗೆ ಆರ್ಗನ್ ನುಡಿಯುತ್ತದೆಂದು ಪಾದ್ರಿಗಳು ಸಾರಿದರು. ನಾವು ಕೂಡಲೇ ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೀತಿಭೋಜನದ ಮಾತೆತ್ತಿದೆವು. ಆದರೆ ತಾಮ್ರದ ಕೊಪ್ಪರಿಗೆಗಳ ಒಳಗಿನ ತವರದ ಕಲಾಯಿ ಹೋಗಿತ್ತು, ಹುಳಿ ಮಾಡಿದರೆ ಕಿಲುಬು ಹಿಡಿಯುತ್ತಿತ್ತು. ಯುದ್ಧದ ದೆಸೆಯಿಂದ ತವರವಂತೂ ಅಂಗಡಿಯಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ.

"ಹಳೇ ತವರ ಏನಾದ್ರೂ ಇದ್ರೆ ಕೊಡ್ರಮ್ಮಾ, ಅದ್ರಲ್ಲೇ ಮಾಡ್ಕೊಡ್ತೀನಿ" ಎಂದ, ಸಿರಾದಿಂದ ಬಂದ ಕಲಾಯಿಯ ಬುಡನ್ ಸಾಬ್.

ಗಂಡನ ಹಬ್ಬ ಚೆನ್ನಾಗಿ ಆಗಲೆಂದು ಹೊನ್ನಕ್ಕ ಅಟ್ಟ ಹತ್ತಿ ಹುಡುಕಿದಳು.

ಹಬ್ಬದ ಹಿಂದಿನ ದಿನ ಪಾಲಪ್ಪ ಕುಕ್ಕೆ ಇಳಿಸಿದ. ಅದರಲ್ಲಿ ಬಟ್ಟೆ ಮಾತ್ರ ಇತ್ತು.

"ಮುರುಕು ಚೂರು ಅನ್ಕಂಡು ಸಾಬ್ರಿಗೆ ಕೊಟ್ಬುಟ್ಟೆ ಕಣ್ರೀ. ನೀವೇನೂ ಯೋಳ್ಲಿಲ್ವಲ್ಲ!" ಎಂದಳು ಹೊನ್ನಕ್ಕ.

ಪಾಲಪ್ಪ ಕಲಾಯಿ ಹಾಕುತ್ತಿದ್ದ ಚರ್ಚಿನ ಅಂಗಳಕ್ಕೆ ಓಡಿದ.

"ಒಂದನ್ನ ಬಗ್ಗಿಸಿ ನೋಡ್ದೆ ಸ್ವಾಮಿ, ಕಿರ್ ಅಂತು. ಹಂಗೆ ಕೂಗಿದ್ರೆ ಅಸ್ಲಿ ತವರ! ಎಲ್ಲಾ ಕರಗಿಸ್ಬುಟ್ಟೆ" ಎಂದು ಬುಡನ್ ಸಾಬ್ ಹೊಳೆಯುವ ಕೊಪ್ಪರಿಗೆಯನ್ನು ಹೆಮ್ಮೆಯಿಂದ ತಿರುಗಿಸಿ ತೋರಿಸಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ದೊರೆಗಳ ಸೀಮೆಯಿಂದ ಬೇರೆ ಕೊಳವೆ ತರಿಸೋಣವೆಂದರೆ ಯುದ್ಧ. ತರಿಸಿದರೂ ಅದು ಸುಗುಣ ಒತ್ತಿದ ದನಿಯಾಗುತ್ತಿತ್ತೇ? ಪಾಲಪ್ಪ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗಾದರೂ ಸಮಾಧಾನವಾಗುತ್ತಿತ್ತು.

ಮರುದಿನ ನುಡಿಸಿದ. ದಪ್ಪ ಸ್ವರಗಳಿಗೆ ಕಿಟಕಿಗಳೆಲ್ಲ ಅದುರಿದವು. ಕೈ ಸಣ್ಣ ಸ್ವರಗಳ ಕಡೆ ಹೋದಾಗಲೆಲ್ಲ ಬರೀ ಗಾಳಿ ಬುಸ್ಸೆಂದಿತು. ನಾವದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಹೊರಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಹೊನ್ನಕ್ಕ ಮಾತ್ರ ತಲೆಯೆತ್ತಿ ಆರ್ಗನ್ನನ್ನೇ ನೋಡುತ್ತಿದ್ದಳು.

ಊಟಕ್ಕೆ ಕೂತಾಗ ಅವಳು ಗಂಡನ ಎಲೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟಳು.

"ನಾ ಕೊಟ್ಟಿದ್ದು ನಮ್ಮ ಸುಗುಣನ ಗುಬ್ಬಿನಾ?" ಎಂದಳು.

"ಹೂಂ" ಎಂದ ಪಾಲಪ್ಪ.

ಸೌಟನ್ನು ಕೊಪ್ಪರಿಗೆಗೆ ಹಾಕಿ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ನಡೆದಳು. ಪಾಲಪ್ಪ ಎಲೆ ಮಡಿಸಿ ಎದ್ದ. ಹುಳಿಯಲ್ಲಿ ಕಿಲುಬಿನ ಸುಳಿವೂ ಇರಲಿಲ್ಲ. ನಾವು ಇನ್ನೊಮ್ಮೆ ಬಡಿಸಿಕೊಂಡು ಉಂಡೆವು.