ಗದ್ದಲ ಕಂಪನಿಯ ಮೊದಲ ಪ್ರಯೋಗ

ನಾವು ಮೂವರು ಮಾಡುತ್ತಿದ್ದದ್ದಕ್ಕೆ ಗಂಗಾವತಿಯಲ್ಲಿ ಹೆಸರಿರಲಿಲ್ಲ. ಸಿನಿಮಾ ಹಾಡು ಹಾಡಿದರೆ ಆರ್ಕೆಸ್ಟ್ರಾ, ತಾಳ ಕುಟ್ಟಿದರೆ ಭಜನಾ ಮಂಡಳಿ. ಎರಡೂ ಅಲ್ಲದ ನಾವು ನಮ್ಮನ್ನು ಗದ್ದಲ ಕಂಪನಿ ಎಂದು ಕರೆದುಕೊಂಡೆವು. ಕಿರಾಣಿ ಅಂಗಡಿಯವರ ಮಗ ಈಶಪ್ಪ ಡೀಸೆಲ್ ಪೀಪಾಯಿ ಬಡಿಯುತ್ತಿದ್ದ. ನಾನು ಬುಲ್‌ಬುಲ್ ತರಂಗದ ತಂತಿಗಳನ್ನು ಹಂಚಿನ ಚೂರಿನಿಂದ ಉಜ್ಜುತ್ತಿದ್ದೆ. ಜಿಲಾನಿಯದು ಎಲ್ಲಕ್ಕಿಂತ ದೊಡ್ಡ ಕೆಲಸ. ಅವನ ಕಾಕಾ ಶಫೀಸಾಬನದು ಮೈಕ್‌ಸೆಟ್ ಬಾಡಿಗೆ ಅಂಗಡಿ. ಮೈಕನ್ನು ಹಾರ್ನಿನ ಎದುರು ಹಿಡಿದರೆ ಕೂಂಯ್ ಎಂದು ಕಿರುಚುತ್ತದಲ್ಲ, ಊರೆಲ್ಲ ಕಿವಿ ಮುಚ್ಚಿಕೊಳ್ಳುವ ಆ ಕಿರುಚಾಟವನ್ನು ಜಿಲಾನಿ ಏರಿಸಿ ಇಳಿಸಿ ಹಾಡಿಸುತ್ತಿದ್ದ.

ತಾಲೀಮು ಅಕ್ಕಿ ಮಿಲ್ಲಿನ ಹಿಂದಿನ ತೌಡಿನ ಕೋಣೆಯಲ್ಲಿ, ಕದ ಹಾಕಿಕೊಂಡು. ಮಿಲ್ಲು ಓಡುವಷ್ಟು ಹೊತ್ತು ನಾವೆಷ್ಟು ಬಡಿದರೂ ಹೊರಗೆ ಕೇಳುತ್ತಿರಲಿಲ್ಲ. ಮಿಲ್ಲು ನಿಂತರೆ ನಾವೂ ಉಸಿರು ಬಿಗಿಹಿಡಿದು ನಿಲ್ಲಬೇಕು. ಕಿಟಕಿಯಿಲ್ಲ. ಮೂಗು, ಗಂಟಲು, ತಲೆಗೂದಲೆಲ್ಲ ತೌಡು. ಹಾಗೆ ಮೂರು ವರ್ಷ ಕಳೆದೆವು.

ಆ ಮಿಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಮೇಸ್ತ್ರಿ ನನ್ನಪ್ಪ ವಿರುಪಣ್ಣ. ಅವನ ಜಾಗಕ್ಕೆ ನಾನು ಎಂದು ಸಾಹುಕಾರರೊಡನೆ ಮಾತಾಗಿಹೋಗಿತ್ತು. ನನ್ನನ್ನು ಕೇಳಿದವರ್ಯಾರು? ಹಗ್ಗ ಹೊಸೆದಾಗಿತ್ತು, ಕೊರಳಿಗೆ ಹಾಕುವುದೊಂದು ಬಾಕಿ. ಎಂಬತ್ತಾರರ ಗಣೇಶನ ಹಬ್ಬ ಹತ್ತಿರ ಬಂದಾಗ ಧೈರ್ಯ ಮಾಡಿ ಹೇಳಿದೆ.

"ಅಪ್ಪಾ, ನಾ ಮಿಲ್ಲಿಗೆ ಬರಂಗಿಲ್ಲ. ಮೂರೂ ಮಂದಿ ಹೈದರಾಬಾದಿಗೆ ಬಾರಸಾಕ ಹೊಂಟೀವಿ."

"ಆ ಗದ್ದಲಾ ಯಾರು ಕೇಳ್ತಾರಲೇ ವೆಂಕೋಬಾ?"

"ಕೇಳೋರು ಅದಾರ."

"ಹಂಗಾರ ಹಬ್ಬಕ್ಕ ಬಾರಿಸ್ರಿ. ಒಬ್ಬಾಂವ, ಒಬ್ಬಾಂವಂದ್ರ ಒಬ್ಬಾಂವ, ಕಡೀತನಕ ಕಿವಿಗೊಟ್ಟು ಕೇಳಿದ್ರ ನೀ ಹೋಗು. ಮಿಲ್ಲಿನ ಹೆಸರ ಎತ್ತಂಗಿಲ್ಲ ನಾ. ಇಲ್ಲಂದ್ರ ಸೋಮವಾರ ಎಂಟಕ್ಕ ಮಿಲ್ಲಿನ್ಯಾಗ ಇರಬೇಕು."

ಅಪ್ಪ ಮಾತಿಗೆ ತಪ್ಪುವವನಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ಸಿಗುವುದಿಲ್ಲವೇ ಎಂದು ನಾನು ಒಪ್ಪಿಕೊಂಡೆ.

ಗಣೇಶನ ಪೆಂಡಾಲಿನಲ್ಲಿ ಸಂಜೆ ಆರಕ್ಕೆ ಆರ್ಕೆಸ್ಟ್ರಾಕ್ಕಿಂತ ಮುಂಚೆ ನಮಗೆ ಅರ್ಧ ತಾಸು ಕೊಟ್ಟರು. ಜನ ಕಿಕ್ಕಿರಿದಿದ್ದರು. ಜಿಲಾನಿ ಮೈಕ್ ಹಿಡಿದು ಹಾರ್ನಿನತ್ತ ಹೆಜ್ಜೆಯಿಟ್ಟ. ಕೂಂಯ್ ಎಂದಿತು. ನಾನು ತಂತಿ ಉಜ್ಜಿದೆ, ಈಶಪ್ಪ ಬಡಿದ. ಅಂಥ ಗದ್ದಲ ನಾವು ಹಿಂದೆಂದೂ ಎಬ್ಬಿಸಿರಲಿಲ್ಲ. ನನ್ನ ಮೈ ಜುಮ್ಮೆಂದಿತು.

ಜನ ಶೇಂಗಾ ಸುಲಿಯುತ್ತ ಕೂತಿದ್ದರು. ಯಾರೂ ಎದ್ದು ಹೋಗಲಿಲ್ಲ, ಬೈಯಲಿಲ್ಲ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಶಫೀಸಾಬ ಬೆವರು ಒರೆಸಿಕೊಳ್ಳುತ್ತ ವೇದಿಕೆಗೆ ಓಡಿ ಬಂದ. ಮೈಕ್ ಕಿರುಚಿದರೆ ಮೈಕ್‌ಸೆಟ್ಟಿನವನ ಮಾನ ಹೋದಂತೆ. ಅವನು ಸೌಂಡ್ ಇಳಿಸುವುದು, ಜಿಲಾನಿ ಏರಿಸುವುದು, ಹೀಗೇ ನಡೆಯಿತು. ಕಮಿಟಿಯ ಹಿರಿಯರೊಬ್ಬರು ಇನ್ನೊಂದು ಮೈಕಿನಲ್ಲಿ, "ಯಾರೂ ಏಳಬ್ಯಾಡ್ರಿ, ಮೈಕ್ ರಿಪೇರಿ ನಡದೈತಿ, ಕಾರ್ಯಕ್ರಮ ಈಗ ಸುರು ಆಕ್ಕೈತಿ" ಎಂದರು. ಇಡೀ ಪೆಂಡಾಲು ನಮ್ಮ ಮೂರು ವರ್ಷದ ತಾಲೀಮನ್ನು ಮೈಕ್ ಟೆಸ್ಟಿಂಗ್ ಎಂದುಕೊಂಡು ತಾಳ್ಮೆಯಿಂದ ಕಾಯುತ್ತಿತ್ತು. ನಾವು ಮುಗಿಸಿದಾಗ ಜೋರು ಚಪ್ಪಾಳೆ ಬಿತ್ತು. ರಿಪೇರಿ ಆಯಿತಲ್ಲ ಎಂದು ಅದು ಶಫೀಸಾಬನಿಗೆ.

ಆ ಜನರ ತಲೆಯ ಮೇಲೆ ಪೀಪಾಯಿ ಎಸೆಯುವಷ್ಟು ಸಿಟ್ಟು ಬಂತು. ವೇದಿಕೆಯ ಹಿಂದೆ ಹೋಗಿ ನಿಂತೆ. ಅಪ್ಪ ಅಲ್ಲಿಗೇ ಬಂದ. ನಗುತ್ತಾನೆ ಎಂದು ಹಲ್ಲು ಕಚ್ಚಿಕೊಂಡೆ.

"ಕಡೀತನಕ ಕೇಳಿದೆ" ಎಂದ. "ಮೊದಲಿಗೆ ಕೂಂಯ್ ಅಂತಲಾ, ಮಿಲ್ಲಿನ ಬೇರಿಂಗಿಗೆ ಎಣ್ಣಿ ಆರಿದಾಗ ಹಂಗ ಅಂತೈತಿ. ಆಮ್ಯಾಲ ನೀ ತಂತಿ ತಿಕ್ಕಿದ್ದು ಮಿಷಿನ್ ಪಟ್ಟಾ ಜಾರೋ ಸಪ್ಪಳ. ಈಶಪ್ಪ ಬಡದದ್ದು ಬೋಲ್ಟ್ ಸಡ್ಲಾದ ಜರಡಿ. ಒಂದೂ ತಪ್ಪಿಲ್ಲ."

ಮಿಲ್ಲನ್ನು ಮೀರಿಸುತ್ತಿದ್ದೇವೆ ಎಂದುಕೊಂಡವರು ಮೂರು ವರ್ಷ ಅದನ್ನೇ ಬಾಯಿಪಾಠ ಮಾಡಿದ್ದೆವು.

"ಇಪ್ಪತ್ತೆರಡು ವರ್ಷ ಇದನ್ನ ನಾ ಒಬ್ಬನ ಕೇಳ್ಕೋತ ಬಂದೀನಪಾ" ಎಂದ ಅಪ್ಪ. ಕಣ್ಣು ಒದ್ದೆಯಾಗಿದ್ದವು. "ಬ್ಯಾರೇದವರಿಗೆ ಬರೇ ಸಪ್ಪಳ. ನಿನಗೂ ಕೇಳಸ್ತೈತಿ ಅಂತ ಇವತ್ತ ಗೊತ್ತಾತು. ಇರಲಿ. ಒಬ್ಬಾಂವ ಕೇಳ್ಯಾನ, ಮಾತು ಮಾತ. ನೀ ಹೋಗು."

ಮಿಲ್ಲಿಗೆ ಬಾ ಎಂದಿದ್ದರೆ ಜಗಳ ತೆಗೆದು ಹೋಗಿಬಿಡುತ್ತಿದ್ದೆ. ಹೋಗು ಎಂದುಬಿಟ್ಟ. ನನ್ನ ಗದ್ದಲವನ್ನು ಕೇಳಿದ ಒಬ್ಬನೇ ಒಬ್ಬನನ್ನು ಆ ಮಿಲ್ಲಿನಲ್ಲಿ ಬಿಟ್ಟು ಹೈದರಾಬಾದಿನಲ್ಲಿ ಯಾರಿಗೆ ಬಾರಿಸಲಿ?

ಸೋಮವಾರ ಜಿಲಾನಿ, ಈಶಪ್ಪ ನನಗಾಗಿ ಎರಡು ಬಸ್ಸು ಬಿಟ್ಟು ಕಾದರಂತೆ. ಎಂಟಕ್ಕೆ ನಾನು ಮಿಲ್ಲಿನಲ್ಲಿದ್ದೆ. ಅಪ್ಪ ಎಣ್ಣೆಯ ಡಬ್ಬಿಯನ್ನು ನನ್ನ ಕೈಗಿಟ್ಟು, ತಾನು ಪಕ್ಕಕ್ಕೆ ಸರಿದು ನಿಂತ.