ಗೇಣುದ್ದ ಹಸಿಯಾಗಲಿ

ಇಸವಿ ಎರಡು ಸಾವಿರ. ಮೃಗಶಿರ ಮಳೆ ಹೂಡುವ ದಿನಗಳು. ಹೈದರಾಬಾದಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಯೊಂದರ ಕಟ್ಟಡ ಏಳುತ್ತಿತ್ತು. ಹಳ್ಳಿಯ ಹೊಲ ಬಿಟ್ಟು ದುಡಿಯಲು ಬಂದಿದ್ದ ಗದಿಗೆಮ್ಮ ಹೊಸ ಸ್ಲ್ಯಾಬಿಗೆ ನೀರು ಹೊಯ್ಯುತ್ತಿದ್ದಳು. ಗೋಡೆ ಕಟ್ಟುತ್ತಿದ್ದ ಗಂಡ ಅಮರಯ್ಯ ಕರಣಿ ಕೆಳಗಿಟ್ಟು ಹತ್ತಿರ ಬಂದ.

"ಏ ಭಾಗ್ಯಾನವ್ವ, ಹೆಣ್ಮಕ್ಕಳ ಸಂಘದಾಗ ಸಾಲ ತಂದ ಮೂರು ಸಾವಿರ ಎಲ್ಲಿಟ್ಟಿ?"

"ಟ್ರಂಕಿನಾಗ ಐತ್ರಿ. ಆಯಿತವಾರ ಹೊಲಿಗಿ ಮಷಿನ್ ತರೋಣು ಅಂದೀವಲ್ಲ?"

"ಮಷಿನ್ ಎಲ್ಲಿ ಓಡಿ ಹೊಕ್ಕೈತಿ? ಸೂಪರ್‌ವೈಸರ್ ಹೇಳ್ಯಾನ, ಒಂದು ಸಾಫ್ಟ್‌ವೇರ್ ಕಂಪನಿ ಶೇರು ನಾನೂರರಿಂದ ತೊಂಬತ್ತಕ್ಕ ಬಿದ್ದಿತ್ತಂತ. ಎರಡು ದಿನದಾಗ ನೂರಾ ಹತ್ತು ಆಗೈತಿ. ಮಂದಿಗೆ ತಿಳಿಯೂಕಿಂತ ಮೊದಲ ತಗೊಂಡ್ರ, ಒಂದಲ್ಲ, ಎರಡು ಮಷಿನ್ ತರ್ತೀನಿ!"

ಗದಿಗೆಮ್ಮ ನೀರು ಹೊಯ್ಯುವುದನ್ನು ನಿಲ್ಲಿಸಿದಳು. ಚಿಕ್ಕಂದಿನ ಜ್ವರದಲ್ಲಿ ಮಗಳು ಭಾಗ್ಯಶ್ರೀಯ ಒಂದು ಕಾಲು ಸೊರಗಿತ್ತು. ಕುಳಿತು ಮಾಡುವ ಕೆಲಸ ಅವಳಿಗೆ ಬೇಕಿತ್ತು. ಆದರೂ ಗಂಡನ ಕಣ್ಣಲ್ಲಿದ್ದ ಆಸೆ ಕಂಡು ಬೈಯಲು ಬಾಯಿ ಬರಲಿಲ್ಲ. ಸಂಜೆ ಅವನನ್ನು ಸಂಘದ ಲೆಕ್ಕ ಬರೆಯುವ ಶೋಭಾ ಅವರ ಮನೆಗೆ ಕರೆದೊಯ್ದಳು.

ಎಲ್ಲ ಕೇಳಿ ಶೋಭಾ ನಕ್ಕರು. "ಅಮರಯ್ಯಣ್ಣ, ಊರಾಗ ಮಿರಗದ ಮೊದಲನೇ ಹನಿ ಬಿದ್ದ ಕೂಡ್ಲೆ ತೊಗರಿ ಬಿತ್ತತಿದ್ರೇನು?"

"ಹುಚ್ಚರೇನ್ರಿ ನಾವು! ಮಣ್ಣಾಗ ಕೈ ಹಾಕಿ ನೋಡ್ತೀವ್ರಿ. ಗೇಣುದ್ದ ಹಸಿ ಇಳಿದಿದ್ರಷ್ಟ ಬಿತ್ತೋದು. ಇಲ್ಲಂದ್ರ ಮೊಳಕಿ ಒಡದು ಒಣಗಿ ಹೊಕ್ಕಾವ."

"ಮತ್ತ ಎರಡು ದಿನದ ಹನಿಗೆ ಇಲ್ಲಿ ಯಾಕ ಬಿತ್ತಾಕ ಹೊಂಟೀರಿ?"

ಅಮರಯ್ಯ ತಲೆ ಕೆರೆದುಕೊಂಡ. "ಕಾದ್ರ ರೇಟು ಏರ್ತೈತಲ್ರಿ?"

"ಏರಲಿ. ನೂರಾ ಹತ್ತಕ್ಕ ಸಿಗೋದು ನೂರಾ ಮೂವತ್ತಕ್ಕ ಸಿಕ್ಕೀತು. ಆ ಇಪ್ಪತ್ತು, ಹಸಿ ನೋಡಿದ್ದಕ್ಕ ಕೊಟ್ಟ ಕೂಲಿ ಅನ್ರಿ. ಹಸಿ ನೋಡಿ ಬಿತ್ತಿದ್ರೂ ಒಮ್ಮೊಮ್ಮೆ ಮಳಿ ಕೈ ಕೊಡತೈತಿ. ಹಂಗಂತ ಭಾಳ ತಡಾನೂ ಮಾಡಬಾರದು. ಓಣಿ ಮಂದಿಯೆಲ್ಲಾ ತಗೊಂಡ ಮ್ಯಾಲ, ಕಟ್ಟಕಡೀಗೆ ನಾ ತಗೊಂಡೆ. ನೋಡ್ರಿಲ್ಲೆ." ಬಂಗಾರದ ಬಳೆ ಹೋಗಿ ಗಾಜಿನ ಬಳೆಗಳಷ್ಟೇ ಉಳಿದಿದ್ದ ಕೈ ತೋರಿಸಿದರು. "ಎಲ್ಲಕ್ಕಿಂತ ಮೊದಲ, ಸಾಲದ ರೊಕ್ಕ ಈ ಹೊಲದಾಗ ಬಿತ್ತಬ್ಯಾಡ್ರಿ. ಒಂದು ತಿಂಗಳು ಬರೇ ರೇಟು ಬರಕೊಂತ ಹೋಗ್ರಿ."

ಭಾನುವಾರ ಮಷಿನ್ ಬಂತು. ಅಮರಯ್ಯ ದಿನವೂ ಪೇಪರ್ ನೋಡಿ ಬಂದು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ರೇಟು ಬರೆದ. ನೂರಾ ಹದಿನೆಂಟು ಬರೆದ ದಿನ ತಾಟಿನ ಮುಂದೆ ಕೂರಲೇ ಇಲ್ಲ.

"ನೋಡಿದೇನು? ಕೈ ಬಿಟ್ಟು ಹೋತು!"

ಗದಿಗೆಮ್ಮ ಬಿಸಿ ರೊಟ್ಟಿ ಮುಂದಿಟ್ಟಳು. "ಉಣ್ರಿ. ಇನ್ನೂ ಮೋಡ ಅಷ್ಟ ಕಟ್ಟೈತಿ, ಮಳಿ ಎಲ್ಲಿ ಬಂದೈತಿ?"

ಆಮೇಲೆ ತೊಂಬತ್ತೇಳು ಬಂತು. ಎಂಬತ್ತು. ಅರವತ್ತೆರಡು. ಅಂದು ಅಮರಯ್ಯ ಇದ್ದಿಲನ್ನು ಒಲೆಗೆ ಹಾಕಿದ. ಮಗಳ ಪಕ್ಕ ಕುಳಿತು, ಸಿಮೆಂಟಿಗೆ ಒಡೆದ ಬೆರಳುಗಳಿಂದ ಸೂಜಿಗೆ ದಾರ ಪೋಣಿಸಿಕೊಟ್ಟ.

ಯುಗಾದಿಗೆ ಭಾಗ್ಯಶ್ರೀ ಹೊಲಿದ ಕುಪ್ಪಸಗಳ ದುಡ್ಡಿನಲ್ಲಿ ಸಂಘದ ಸಾಲದ ಕೊನೆಯ ಕಂತು ಕಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ಶೇರು ಕೊಳ್ಳುವುದು ತಪ್ಪಲ್ಲ. ಆದರೆ ಎರಡು ದಿನದ ಏರಿಕೆಗೆ ಮರುಳಾಗಿ ಮುಂಚೆಯೇ ಧುಮುಕಬೇಡಿ. ಊರೆಲ್ಲ ಕೊಂಡ ಮೇಲೆ ಕೊನೆಯವರಾಗಿಯೂ ಓಡಬೇಡಿ. ಏರಿಕೆ ನಿಂತು ನೆಲೆಯಾಗುವುದನ್ನು ನೋಡಿ. ಆಗ ಕೂಡ, ಕಳೆದುಹೋದರೂ ಮನೆ ನಡುಗದಷ್ಟೇ ಹಣ ಹಾಕಿ. ಸಾಲದ ಹಣ ಮುಟ್ಟಲೇಬೇಡಿ. ಗದಿಗೆಮ್ಮನ ಸಂಘದ ಪುಸ್ತಕದಲ್ಲಿ ಶೋಭಾ 'ಸಾಲ ತೀರಿತು' ಎಂದು ಬರೆದಿದ್ದಾರೆ. ನಿಮ್ಮ ಪುಸ್ತಕದಲ್ಲೂ ಅದೇ ಮಾತು ಬರಲಿ.